ಘಾಟಿ ಇಳಿಯುವ ಗಾಡಿಗೆ ಎಂಥ ಹೈಬ್ರಿಡ್ ಬೇಕು?

ಮಂಡಗದ್ದೆ ಹಕ್ಕಿ

ಎಲ್ಲರಿಗೂ ನಮಸ್ಕಾರ. ನಾನು ಶಿವಮೊಗ್ಗದ ಒಂದು ಕಾಲೇಜಿನಲ್ಲಿ ಮೆಕ್ಯಾನಿಕಲ್ ಪಾಠ ಮಾಡುತ್ತೇನೆ. ಕೊನೇ ವರ್ಷದ ನಾಲ್ಕು ಮಕ್ಕಳು ಈ ಸಲ ಹೈಬ್ರಿಡ್ ಪ್ರಾಜೆಕ್ಟ್ ಹಿಡಿದಿದ್ದಾರೆ. ಹೊಸ ಕಾರು ಮಾಡುವ ಆಸೆ ಅಲ್ಲ. ಈಗಾಗಲೇ ಇರುವ ಗಾಡಿಗೆ ಮೋಟರ್, ಬ್ಯಾಟರಿ, ಕಂಟ್ರೋಲರ್ ಸೇರಿಸಬೇಕು. ಅದೇ ಸಾಮಾನು ಇವತ್ತು ವ್ಯಾನಿಗೆ, ನಾಳೆ ಪಿಕಪ್ಪಿಗೆ ಹೊಂದಬೇಕು. ಬ್ಯಾಟರಿ ಜಾಸ್ತಿ ಬೇಕಾದವರು ಜಾಸ್ತಿ ಹಾಕಿಕೊಳ್ಳಬೇಕು, ಬೇಡದವರು ಬಿಚ್ಚಿ ಇಡಬೇಕು. ಅಷ್ಟೇ ಆಸೆ. ಅಷ್ಟೇ ಅಂದರೂ ಕಮ್ಮಿ ಅಲ್ಲ ಬಿಡಿ.

ಪರೀಕ್ಷೆಗೆ ಸಿಕ್ಕಿರುವುದು ಒಂದು ಹಳೇ ಪೆಟ್ರೋಲ್ ವ್ಯಾನು. ಇಂಜಿನ್ ಮುಂದಿನ ಸೀಟಿನ ಕೆಳಗೆ, ಓಡುವುದು ಹಿಂದಿನ ಚಕ್ರ. ಲೋಡ್ ಸೇರಿ 1500 ಕೆ.ಜಿ. ಅಂತ ಹಿಡಿದಿದ್ದೇವೆ. ದಾರಿ ನಿಮಗೆಲ್ಲ ಗೊತ್ತಿರುವುದೇ: ಶಿವಮೊಗ್ಗ, ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ, ಆಗುಂಬೆ, ಕೆಳಗೆ ಸೋಮೇಶ್ವರ, ಅಲ್ಲಿಂದ ಉಡುಪಿ.

ಮಕ್ಕಳ ಮೊದಲ ಪ್ಲಾನ್ ಹೀಗಿದೆ. ಹಿಂದಿನ ಎರಡೂ ಚಕ್ರದ ಒಳಗೇ ಹಬ್ ಮೋಟರ್. 300 ವೋಲ್ಟಿನ 10 ಯೂನಿಟ್ ಬ್ಯಾಟರಿ. ಪೆಟ್ರೋಲ್ ಇಂಜಿನ್ ಬರೀ ಜನರೇಟರ್ ತಿರುಗಿಸುತ್ತದೆ, ಚಕ್ರಕ್ಕೂ ಅದಕ್ಕೂ ಸಂಬಂಧ ಇಲ್ಲ. ಕಾಗದದ ಮೇಲೆ ತುಂಬಾ ಚೆನ್ನಾಗಿ ಕಾಣುತ್ತದೆ. ನನಗೆ ಅದೇ ಅನುಮಾನ. ದಯವಿಟ್ಟು ಬೈಯ್ಯಿರಿ.

ಸ್ಪ್ಯಾನರ್ 14

ಬೈಯ್ಯಿ ಅಂದ್ರಲ್ಲ ಸರ್, ಬೈತೀನಿ. ತೀರ್ಥಹಳ್ಳಿ ಪಕ್ಕ ನನ್ನದು ಚಿಕ್ಕ ಗ್ಯಾರೇಜು. ಆಗಸ್ಟಲ್ಲಿ ಬರುವ ಗಾಡಿಯ ಬ್ರೇಕ್ ಡ್ರಮ್ ಬಿಚ್ಚಿದರೆ ಒಳಗೆ ಲೈನರ್‌ಗಿಂತ ಕೆಸರೇ ಜಾಸ್ತಿ. ಅಲ್ಲಿ ತಗೊಂಡು ಹೋಗಿ ಮೋಟರ್ ಕೂರಿಸ್ತೀರಾ? ಚಕ್ರದೊಳಗೆ ತೂಕ ಹೆಚ್ಚಾದರೆ ನಮ್ಮ ಗುಂಡಿಗಳಿಗೆ ಅದು ಸುತ್ತಿಗೆ ಹೊಡೆದ ಹಾಗೆ ಹೊಡೆಯುತ್ತೆ. ಸ್ಪ್ರಿಂಗ್ ಮೇಲಿನ ತೂಕ ಬೇರೆ, ಸ್ಪ್ರಿಂಗ್ ಕೆಳಗಿನ ತೂಕ ಬೇರೆ. ಬೇರಿಂಗ್ ಒಂದು ಮಳೆಗಾಲ ಬಾಳಲ್ಲ.

ಇನ್ನೊಂದು, ಇಲಿ. ನಗಬೇಡಿ. ಕೊಟ್ಟಿಗೆ ಪಕ್ಕ ನಿಲ್ಲಿಸಿದ ಗಾಡಿಯ ವೈರು ಇಲಿ ಕಡಿದು ವಾರಕ್ಕೆ ಒಂದಾದರೂ ನನ್ನ ಹತ್ತಿರ ಬರುತ್ತೆ. 12 ವೋಲ್ಟ್ ಆದರೆ ಫ್ಯೂಸ್ ಹೋಗುತ್ತೆ, ನಾನು ಟೇಪ್ ಸುತ್ತಿ ಕಳಿಸ್ತೀನಿ. 300 ವೋಲ್ಟ್ ವೈರು ಸಿಪ್ಪೆ ಕಿತ್ತು ನಿಂತಿದ್ದರೆ ನಾನು ಬಾನೆಟ್ ಎತ್ತುವುದೇ ಇಲ್ಲ. ನನಗೂ ಹೆಂಡ್ತಿ ಮಕ್ಕಳಿದ್ದಾರೆ.

ನಿವೃತ್ತ ಮೇಷ್ಟ್ರು

ಹಬ್ ಮೋಟರ್ ಹೊಸ ಹುಚ್ಚಲ್ಲ. 1900ರ ಹೊತ್ತಿಗೇ ಫರ್ಡಿನಾಂಡ್ ಪೋರ್ಷೆ ಚಕ್ರದೊಳಗೆ ಮೋಟರ್ ಇಟ್ಟು, ಪೆಟ್ರೋಲ್ ಇಂಜಿನ್ನಿನಿಂದ ಜನರೇಟರ್ ತಿರುಗಿಸಿ ಗಾಡಿ ಓಡಿಸಿದ್ದ. ನಿಮ್ಮ ಮಕ್ಕಳು ಈಗ ಹೇಳುತ್ತಿರುವುದೂ ಹೆಚ್ಚುಕಡಿಮೆ ಅದೇ.

ಸ್ಪ್ಯಾನರ್ 14

ಆ ಪುಣ್ಯಾತ್ಮ ಆಗುಂಬೆಗೆ ಬಂದಿರಲಿಲ್ಲ ಮೇಷ್ಟ್ರೇ.

ನಿವೃತ್ತ ಮೇಷ್ಟ್ರು

ಹಹ್ಹಾ, ಒಪ್ಪಿದೆ. ಈಗ ಲೆಕ್ಕಕ್ಕೆ ಬರೋಣ. ನಲವತ್ತು ವರ್ಷ ಭೌತಶಾಸ್ತ್ರ ಹೇಳಿಕೊಟ್ಟ ಕೈ, ಸುಮ್ನೆ ಕೂರಲ್ಲ.

ಆಗುಂಬೆ ಸಮುದ್ರ ಮಟ್ಟದಿಂದ ಸುಮಾರು 640 ಮೀಟರ್ ಎತ್ತರ. ಅಲ್ಲಿಂದ ಸೋಮೇಶ್ವರದ ಕಡೆಗೆ 14 ಹೇರ್‌ಪಿನ್ ತಿರುವು. ಇಳಿತ 500 ಮೀಟರ್, ದಾರಿ 10 ಕಿ.ಮೀ. ಅಂತ ಇಟ್ಟುಕೊಳ್ಳಿ. 1500 ಕೆ.ಜಿ.ಯನ್ನು 9.8ರಿಂದ ಗುಣಿಸಿ, 500ರಿಂದ ಗುಣಿಸಿ. 73.5 ಲಕ್ಷ ಜೌಲ್. ಒಂದು ಯೂನಿಟ್ ಕರೆಂಟು ಅಂದರೆ 36 ಲಕ್ಷ ಜೌಲ್. ಅಲ್ಲಿಗೆ ಘಾಟಿ ಇಳಿಯುವ ಗಾಡಿಯಲ್ಲಿ ಎರಡು ಯೂನಿಟ್ ಶಕ್ತಿ ಇದೆ. ಬ್ರೇಕ್ ಒತ್ತಿಕೊಂಡು ಇಳಿದರೆ ಹೆಚ್ಚಿನ ಪಾಲು ಡ್ರಮ್ಮಿನಲ್ಲಿ ಶಾಖವಾಗಿ ಹೋಗುತ್ತದೆ. ಆರನೇ ತಿರುವಿನ ಹೊತ್ತಿಗೆ ಬರುತ್ತಲ್ಲ ಸುಟ್ಟ ವಾಸನೆ, ಅದೇ ಇದು.

ಎರಡೂ ಯೂನಿಟ್ ನಮ್ಮ ಕೈಗೆ ಸಿಗಲ್ಲ. ಟೈರು ಉರುಳುವುದಕ್ಕೇ ಅರ್ಧ ಯೂನಿಟ್ ಹೋಗುತ್ತದೆ. ಗಾಳಿಗೆ ಹೋಗುವುದು ಅಷ್ಟಿಲ್ಲ, 30ರ ವೇಗದಲ್ಲಿ ಹತ್ತನೇ ಒಂದು ಯೂನಿಟ್ಟೂ ಆಗಲ್ಲ. ಉಳಿದ ಒಂದೂವರೆ ಯೂನಿಟ್ ಮೋಟರ್, ಕಂಟ್ರೋಲರ್, ಬ್ಯಾಟರಿ ಅಂತ ಕೈ ದಾಟುತ್ತಾ ಹೋಗುವಾಗ ನೂರಕ್ಕೆ ಎಪ್ಪತ್ತು ಸಿಕ್ಕರೆ ಪುಣ್ಯ. ಒಟ್ಟು ಒಂದು ಯೂನಿಟ್.

ಒಂದೇ ಒಂದು ಯೂನಿಟ್ಟಾ ಅಂತ ಮೂಗು ಮುರಿಯಬೇಡಿ. ಒಂದು ಲೀಟರ್ ಪೆಟ್ರೋಲಲ್ಲಿ 9 ಯೂನಿಟ್ಟಿನಷ್ಟು ಶಾಖ ಇದೆ. ಹಳೇ ಇಂಜಿನ್ ಅದರಲ್ಲಿ ಕಾಲು ಭಾಗ ಚಕ್ರಕ್ಕೆ ಕೊಟ್ಟರೆ ಹೆಚ್ಚು. ಹಾಗಾಗಿ ಒಂದು ಇಳಿತಕ್ಕೆ 400 ಮಿ.ಲೀ. ಪೆಟ್ರೋಲ್ ಉಳಿದ ಹಾಗೆ. ಅದೇ ಘಾಟಿ ಹತ್ತುವುದಕ್ಕೆ ಒಂದು ಲೀಟರಿಗಿಂತ ಸ್ವಲ್ಪ ಜಾಸ್ತಿ ಬೇಕು ಅನ್ನುವುದನ್ನೂ ಪಕ್ಕದಲ್ಲಿಟ್ಟು ನೋಡಿ.

ಸೀತಾನದಿ

ಮೇಷ್ಟ್ರ ಲೆಕ್ಕ ಓದಿದ ಮೇಲೆ ಒಂದು ವಿಷಯ ಅರ್ಥ ಆಯ್ತು. ನಮ್ಮ ಭಾವ ಹೋದ ವರ್ಷ ಹೈಬ್ರಿಡ್ ಕಾರು ತಗೊಂಡ್ರು. ಕಂಪನಿ ಹೆಸರು ಬೇಡ. ಮೊದಲ ಸಲ ಆಗುಂಬೆ ಇಳಿದಾಗ ನಾನೂ ಪಕ್ಕದಲ್ಲಿದ್ದೆ. ಎರಡು ಮೂರು ತಿರುವು ನಿಶ್ಶಬ್ದ, ಎಂತ ಸುಖ ಅಂತೀರಿ. ಬ್ಯಾಟರಿ ಗೆರೆ ಮೇಲೆ ಹೋಗ್ತಾ ಹೋಗ್ತಾ ತುಂಬಿ ನಿಂತಿತು. ಆಮೇಲೆ ಇದ್ದಕ್ಕಿದ್ದ ಹಾಗೆ ಇಂಜಿನ್ ಕಿರುಚೋದಕ್ಕೆ ಶುರು. ಭಾವನ ಕಾಲು ಆಕ್ಸಿಲರೇಟರ್ ಮೇಲೆ ಇಲ್ಲ, ಇಂಜಿನ್ ಮಾತ್ರ ಹತ್ತುವ ಗಾಡಿ ಥರ ಕೂಗ್ತಿದೆ. ಅಕ್ಕ ಹಿಂದೆ ಕೂತು ದೇವರ ಹೆಸರು ಹೇಳ್ತಿದ್ರು.

ಶೋರೂಮಲ್ಲಿ ಕೇಳಿದ್ರೆ "ಹಾಗೇ ಸರ್ ಅದು" ಅಂದ್ರಂತೆ, ಅಷ್ಟೇ.

ಮಂಡಗದ್ದೆ ಹಕ್ಕಿ

ಹಾಗೇ ಅನ್ನುವುದು ಸರಿ, ಯಾಕೆ ಅಂತಲೂ ಹೇಳಬೇಕಿತ್ತು. ಇಲ್ಲಿ ಸಿಗುವ ಸ್ಟ್ರಾಂಗ್ ಹೈಬ್ರಿಡ್ ಕಾರುಗಳ ಬ್ಯಾಟರಿ ತುಂಬಾ ಚಿಕ್ಕದು, ಒಂದು ಯೂನಿಟ್ ಆಸುಪಾಸು. ಅದರಲ್ಲೂ ಪೂರ್ತಿ ತುಂಬಿಸಲ್ಲ, ಪೂರ್ತಿ ಖಾಲಿ ಮಾಡಲ್ಲ, ಬಾಳಿಕೆ ಬರಲಿ ಅಂತ ನಡುವಿನ ಸ್ವಲ್ಪ ಭಾಗವನ್ನೇ ಬಳಸುತ್ತಾರೆ. ಪೇಟೆಯ ಸಿಗ್ನಲ್‌ಗಳಿಗೆ ಅದು ಧಾರಾಳ. ನಮ್ಮ ಇಳಿತಕ್ಕೆ ಮೂರು ತಿರುವಿನಲ್ಲೇ ತುಂಬಿ ಹೋಗುತ್ತದೆ. ಜಾಗ ಇಲ್ಲದಿದ್ದಾಗ ಗಾಡಿ ಬೇರೆ ದಾರಿ ಇಲ್ಲದೆ ಬಂದ ಕರೆಂಟಿನಲ್ಲಿ ಇಂಜಿನ್ನನ್ನೇ ಗಿರ್ ಅಂತ ತಿರುಗಿಸಿ ಶಕ್ತಿ ಖರ್ಚು ಮಾಡುತ್ತದೆ. ಪೆಟ್ರೋಲ್ ಉರಿಯುವುದಿಲ್ಲ, ಬರೀ ಗಾಳಿ ಒತ್ತುವ ಸದ್ದು. ಗೇರ್ ಹಾಕಿ ಇಳಿಸುವುದರ ಇನ್ನೊಂದು ರೂಪ. ನಿಮ್ಮ ಅಕ್ಕನಿಗೆ ಹೇಳಿ, ಅದು ಕೆಟ್ಟದ್ದಲ್ಲ.

ಮೇಷ್ಟ್ರೇ, ನಿಮ್ಮ ಲೆಕ್ಕ ಬೋರ್ಡ್ ಮೇಲೆ ಬರೆದೆ. ಒಬ್ಬ ಹುಡುಗಿ ತಕ್ಷಣ ಕೇಳಿದಳು: ಸರ್, ಹಾಗಾದರೆ ನಾವು 10 ಯೂನಿಟ್ ಬ್ಯಾಟರಿ ಇಟ್ಟು ಬೆಳಿಗ್ಗೆ ಪೂರ್ತಿ ಚಾರ್ಜ್ ಮಾಡಿ ಹೊರಟರೂ ಅದೇ ಗತಿ ಅಲ್ವಾ? ಹೌದು ಮತ್ತೆ. ಬ್ಯಾಟರಿ ಎಷ್ಟು ದೊಡ್ಡದು ಅನ್ನುವುದು ಆಮೇಲಿನ ಮಾತು. ಆಗುಂಬೆ ಚೆಕ್‌ಪೋಸ್ಟ್ ತಲುಪಿದಾಗ ಅದರಲ್ಲಿ ಎಷ್ಟು ಜಾಗ ಇದೆ ಅನ್ನುವುದು ಮೊದಲ ಮಾತು. ನಾನು ಮೂರು ವಾರದಿಂದ ತಪ್ಪು ಪ್ರಶ್ನೆ ಹಿಡಿದು ಕೂತಿದ್ದೆ.

ನಿವೃತ್ತ ಮೇಷ್ಟ್ರು

ನಿಮ್ಮ ಬ್ಯಾಟರಿಯದ್ದೂ ಲಿಂಗನಮಕ್ಕಿ ಡ್ಯಾಮಿನ ಕಥೆಯೇ ಕಣ್ರೀ! ಜುಲೈ ಬಂತು ಅಂದರೆ ಪೇಪರಲ್ಲಿ ನಾವೆಲ್ಲ ಮೊದಲು ನೋಡುವುದು ಡ್ಯಾಮಿನ ಮಟ್ಟ. ತುಂಬುವ ಮಟ್ಟ 1819 ಅಡಿ. ಮೇ ತಿಂಗಳಲ್ಲೇ 1815 ಅಡಿ ಇದ್ದರೆ ಯಾರಾದರೂ ಖುಷಿ ಪಡುತ್ತಾರಾ? ಮಳೆ ಬಿದ್ದ ಎರಡನೇ ವಾರಕ್ಕೆ ಗೇಟ್ ಎತ್ತಬೇಕು, ನೀರು ಸುಮ್ನೆ ಜೋಗದಲ್ಲಿ ಧುಮುಕಿ ಹೋಗಬೇಕು. ನೋಡುವವರಿಗೆ ಚೆಂದ, ಟರ್ಬೈನಿಗೆ ನಷ್ಟ.

ಕರಿ ಇಂಜಿನ್

ರೈಲ್ವೆಯಲ್ಲಿ ಇಂಜಿನ್ ಓಡಿಸಿ ನಿವೃತ್ತ ಆದವನು ನಾನು, ಊರು ಭದ್ರಾವತಿ. ಡೀಸೆಲ್ ಲೋಕೋ ಕೂಡ ನಿಮ್ಮ ಮಕ್ಕಳ ಮೊದಲ ಪ್ಲಾನಿನ ಜಾತಿಯದ್ದೇ. ಡೀಸೆಲ್ ಇಂಜಿನ್ ಜನರೇಟರ್ ತಿರುಗಿಸುತ್ತೆ, ಕರೆಂಟು ಗಾಲಿ ಪಕ್ಕದ ಮೋಟರಿಗೆ ಹೋಗುತ್ತೆ. ಬ್ಯಾಟರಿಯಲ್ಲಿ ಓಡುವುದಿಲ್ಲ, ಅದೊಂದೇ ವ್ಯತ್ಯಾಸ.

ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್ ಕಡೆ ಇಳಿಯುವ ಘಾಟ್ ಸೆಕ್ಷನ್ನಿನಲ್ಲಿ 50 ಮೀಟರಿಗೆ 1 ಮೀಟರ್ ಇಳಿಜಾರು. ನಿಮ್ಮ ರಸ್ತೆಯವರಿಗೆ ಅದು ಇಳಿಜಾರೇ ಅಲ್ಲ, ನಮಗೆ ಜೀವ ಕೈಯಲ್ಲಿ. ಅಲ್ಲಿ ಬರೀ ಗಾಳಿ ಬ್ರೇಕ್ ನಂಬಿ ಯಾರೂ ಇಳಿಯಲ್ಲ. ಡೈನಮಿಕ್ ಬ್ರೇಕ್ ಹಾಕ್ತೇವೆ. ಮೋಟರ್‌ಗಳು ಜನರೇಟರ್ ಆಗುತ್ತವೆ, ಬಂದ ಕರೆಂಟನ್ನು ದೊಡ್ಡ ರೆಸಿಸ್ಟರ್ ಗ್ರಿಡ್ಡಿಗೆ ಕೊಟ್ಟು ಸುಡ್ತೇವೆ. ಫ್ಯಾನ್ ಹಾಕಿ ಶಾಖ ಹೊರಗೆ. ಆ ಬಿಸಿಗಾಳಿಯಲ್ಲಿ ಒಂದು ಚಪ್ಪರ ಅಡಿಕೆ ಒಣಗಿಸಬಹುದಿತ್ತು ಅಂತ ನಮ್ಮ ಅಸಿಸ್ಟೆಂಟ್ ಹೇಳ್ತಿದ್ದ, ಅವನು ಕೊಪ್ಪದ ಕಡೆಯವನು.

ನನ್ನ ಸಲಹೆ ಇಷ್ಟೇ. ಬ್ಯಾಟರಿ ತುಂಬಿದಾಗ ಕರೆಂಟು ಹೋಗುವುದಕ್ಕೆ ಒಂದು ಜಾಗ ಇಡಿ. ಚಿಕ್ಕ ರೆಸಿಸ್ಟರ್ ಸಾಕು. ಇಳಿತದ ಮಧ್ಯದಲ್ಲಿ ಮೋಟರ್ ಬ್ರೇಕ್ ಇದ್ದಕ್ಕಿದ್ದ ಹಾಗೆ ಕೈ ಬಿಟ್ಟರೆ ಡ್ರೈವರ್ ಗಾಬರಿ ಬೀಳ್ತಾನೆ. ಘಾಟಿಯಲ್ಲಿ ಗಾಬರಿಗಿಂತ ದೊಡ್ಡ ಶತ್ರು ಇಲ್ಲ.

ಚಾರ್ಜ್ ಮಾಡ್ರಿ

ಇಷ್ಟೆಲ್ಲ ಸರ್ಕಸ್ ಯಾಕ್ರೀ? ಪೂರ್ತಿ ಎಲೆಕ್ಟ್ರಿಕ್ ಗಾಡಿ ತಗೊಳ್ಳಿ. ಅದರ ಬ್ಯಾಟರಿಯೇ 30 ಯೂನಿಟ್ ಮೇಲಿರುತ್ತೆ, ಘಾಟಿಯ ಒಂದು ಯೂನಿಟ್ ಯಾವ ಮೂಲೆಗೆ? ನಾನು ದಾವಣಗೆರೆಯಲ್ಲಿ ಎರಡು ವರ್ಷದಿಂದ ಓಡಿಸ್ತಿದೀನಿ. ಒಂದು ತೊಂದರೆ ಇಲ್ಲ.

ತೋಟದಮನೆ

ದಾವಣಗೆರೆಯಲ್ಲಿ ತೊಂದರೆ ಇಲ್ಲ ಅಂದ್ರೆ ಸರಿ ಅಣ್ಣ. ಹೊಸನಗರ ತಾಲೂಕಿನ ನಮ್ಮ ಮನೆಗೆ ಜುಲೈನಲ್ಲಿ ಬನ್ನಿ. ಲೈನ್ ಮೇಲೆ ಮರ ಬಿದ್ದರೆ ಕರೆಂಟು ಬರುವುದು ನಾಲ್ಕನೇ ದಿನಕ್ಕೆ. ಮೊಬೈಲಿಗೇ ಚಾರ್ಜ್ ಇರಲ್ಲ, ಇನ್ನು ಗಾಡಿಗೆ?

ಮಂಡಗದ್ದೆ ಮೇಷ್ಟ್ರೇ, ನಾನು ಎರಡು ದಿನದಿಂದ ಓದ್ತಾ ಇದ್ದೇನೆ. ನೀವೆಲ್ಲ ಗಾಡಿ ಓಡುವಾಗಿನ ಮಾತೇ ಆಡ್ತಿದ್ದೀರಿ. ನಮ್ಮ ಓಮ್ನಿ ದಿನಕ್ಕೆ ಒಂದು ಗಂಟೆ ಓಡಿದರೆ ಹೆಚ್ಚು. ಮಿಕ್ಕ 23 ಗಂಟೆ ಅಂಗಳದಲ್ಲಿ ನಿಂತಿರುತ್ತೆ, ಅದರ ಕೆಳಗೆ ನಾಯಿ ಮಲಗಿರುತ್ತೆ. ಅಷ್ಟು ದುಡ್ಡಿನ ಬ್ಯಾಟರಿ ನಾಯಿಗೆ ನೆರಳು ಕೊಡುವುದಕ್ಕಾ?

ಅಡಿಕೆ ಕೊಯ್ಲಿನ ಟೈಮಲ್ಲಿ ಸುಲಿಯುವ ಮಷಿನ್ನು 2 ಎಚ್‌ಪಿ. ಗೊನೆ ಇಳಿಸಿ ಮನೆಗೆ ತಂದ ಮೇಲೆ ಅಡಿಕೆ ಕಾಯಲ್ಲ. ಕರೆಂಟು ಹೋದರೆ ಹೆಂಗಸರೆಲ್ಲ ಮೆಟ್ಟುಗತ್ತಿ ಮುಂದೆ ಕೂರಬೇಕು, ಈಗ ಸುಲಿಯುವುದಕ್ಕೆ ಜನವೂ ಸಿಗಲ್ಲ. ನಿಮ್ಮ ಬ್ಯಾಟರಿ ನನ್ನ ಮಷಿನ್ ಓಡಿಸುತ್ತಾ? ಓಡಿಸುತ್ತೆ ಅಂದ್ರೆ ಹೊಂದಿಕೊಳ್ಳುವ ಹೈಬ್ರಿಡ್ ಅಂತ ಒಪ್ಪುತ್ತೇನೆ. ವ್ಯಾನಿನಿಂದ ಪಿಕಪ್ಪಿಗೆ ಬದಲಾಯಿಸುವುದನ್ನು ಯಾರು ದಿನಾ ಮಾಡ್ತಾರೆ ಹೇಳಿ.

ಚಾರ್ಜ್ ಮಾಡ್ರಿ

ಅಕ್ಕಾ, ಸೋತೆ 🙏

ಮಂಡಗದ್ದೆ ಹಕ್ಕಿ

ಅಮ್ಮ, ನಿಮ್ಮ ಪ್ರಶ್ನೆಯನ್ನು ಪ್ರಿಂಟ್ ತೆಗೆದು ಲ್ಯಾಬಿನ ಗೋಡೆಗೆ ಅಂಟಿಸಿದ್ದೇನೆ, ನಾಯಿ ಸಮೇತ.

2 ಎಚ್‌ಪಿ ಅಂದರೆ ಒಂದೂವರೆ ಕಿಲೋವ್ಯಾಟ್. 5 ಯೂನಿಟ್ ಬ್ಯಾಟರಿ ಇದ್ದರೆ ಮೂರು ಗಂಟೆ ಹತ್ತಿರ ಓಡುತ್ತದೆ. ಒಂದು ತೊಡಕಿದೆ. ಮೋಟರ್ ಶುರುವಾಗುವ ಕ್ಷಣದಲ್ಲಿ ಐದಾರು ಪಟ್ಟು ಕರೆಂಟು ಎಳೆಯುತ್ತದೆ, 3 ಕಿಲೋವ್ಯಾಟ್ ಇನ್ವರ್ಟರ್ ಅಲ್ಲೇ ಕೈ ಎತ್ತುತ್ತದೆ. ನಿಮ್ಮ ಮಷಿನ್ನಿಗೆ ತ್ರೀ ಫೇಸ್ ಮೋಟರ್ ಇದೆಯಾ? ಇದ್ದರೆ ವಿಎಫ್‌ಡಿ, ಅಂದರೆ ಮೋಟರಿನ ವೇಗ ಹೊಂದಿಸುವ ಪೆಟ್ಟಿಗೆ, ಹಾಕಿ ನಿಧಾನಕ್ಕೆ ವೇಗ ಏರಿಸಬಹುದು. ಆಗ ಆ ಏಟು ಬೀಳಲ್ಲ.

ತೋಟದಮನೆ

ಸಿಂಗಲ್ ಫೇಸು. ಮೋಟರ್ ಬದಲಾಯಿಸಬಹುದು, ಹಳೇದು ಹೇಗೂ ಕರಕರ ಅಂತಿದೆ.

ಕಂಬದ ಮೇಲಿನವ

ನಿಲ್ಲಿ ನಿಲ್ಲಿ. ನಾನು ಲೈನ್‌ಮನ್. ಮನೆಗೆ ಕರೆಂಟ್ ಕೊಡುವ ಮಾತು ಬಂದ ಕೂಡಲೇ ನನ್ನ ಎದೆ ಹೊಡ್ಕೊಳ್ಳುತ್ತೆ. ಗಾಡಿಯಿಂದ ವೈರ್ ಎಳೆದು ಗೋಡೆಯ ಪ್ಲಗ್ಗಿಗೆ ಚುಚ್ಚುವವರು ಇದ್ದಾರೆ. ಆ 230 ವೋಲ್ಟ್ ಮೀಟರ್ ದಾಟಿ ಹಿಂದಕ್ಕೆ ಟ್ರಾನ್ಸ್‌ಫಾರ್ಮರಿಗೆ ಹೋದರೆ, ಅದರ ಆ ಕಡೆ 11,000 ವೋಲ್ಟ್ ಆಗಿ ಏಳುತ್ತೆ. ಲೈನ್ ಆಫ್ ಇದೆ ಅಂತ ನಂಬಿ ಮರದ ಕೊಂಬೆ ತೆಗೆಯುತ್ತಿರುವವನು ನಾನು. ಮನೆಯನ್ನು ಲೈನಿನಿಂದ ಬಿಡಿಸಿ ಗಾಡಿಗೆ ಜೋಡಿಸುವ ಚೇಂಜ್ ಓವರ್ ಸ್ವಿಚ್ ಇಲ್ಲದೆ ಒಂದು ಬಲ್ಬ್ ಕೂಡ ಉರಿಸಬೇಡಿ. ಅಥವಾ ಮನೆ ವೈರಿಂಗ್ ಮುಟ್ಟಲೇಬೇಡಿ, ಮಷಿನ್ನಿಗೆ ನೇರ ಬೇರೆ ವೈರು ಕೊಡಿ. ಅದೇ ವಾಸಿ.

ಸಿಲಿಕಾನ್ ಸಾಗರ

ಊರು ಸಾಗರ, ಹೊಟ್ಟೆಪಾಡು ಬೆಂಗಳೂರು. ಪವರ್ ಎಲೆಕ್ಟ್ರಾನಿಕ್ಸ್ ಕೆಲಸ. ಸ್ಪ್ಯಾನರ್ ಅಣ್ಣನ ಇಲಿ, ಲೈನ್‌ಮನ್ ಅಣ್ಣನ ಭಯ, ತೋಟದಮನೆಯವರ ಮಷಿನ್ನು, ಮೂರೂ ಒಂದೇ ಕಡೆ ಬೆರಳು ತೋರಿಸುತ್ತಿವೆ. 300 ವೋಲ್ಟ್ ಬಿಡಿ. 48ಕ್ಕೆ ಬನ್ನಿ.

ಡಿಸಿಯಲ್ಲಿ 60 ವೋಲ್ಟ್ ಒಂದು ಗಡಿ. ಅದರ ಕೆಳಗಿದ್ದರೆ ಮುಟ್ಟಿದಾಗ ಶಾಕ್ ಹೊಡೆಯುವ ಅಪಾಯ ಬಹಳ ಕಮ್ಮಿ. ಅದರ ಮೇಲೆ ಹೋದರೆ ಕಿತ್ತಳೆ ಬಣ್ಣದ ಕೇಬಲ್, ಇನ್ಸುಲೇಷನ್ ಕಾಯುವ ಸರ್ಕ್ಯೂಟ್, ತರಬೇತಿ ಆದ ಮೆಕ್ಯಾನಿಕ್, ಎಲ್ಲ ಬೇಕು. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್ ಒಂದಕ್ಕೆ 3.2 ವೋಲ್ಟ್. 16 ಸೆಲ್ ಸಾಲಾಗಿ ಜೋಡಿಸಿದರೆ 51.2. ಪೂರ್ತಿ ಚಾರ್ಜ್ ಆಗುವಾಗ 58.4. ನೋಡಿ, ಗಡಿಯ ಒಳಗೇ ಉಳಿಯಿತು. ಅದಕ್ಕೇ 16.

50 ಆಂಪಿಯರ್-ಅವರ್ ಸೆಲ್ ಹಾಕಿದರೆ ಒಂದು ಮಾಡ್ಯೂಲ್ ಎರಡೂವರೆ ಯೂನಿಟ್. ಪೆಟ್ಟಿಗೆ ಸೇರಿ 25 ಕೆ.ಜಿ., ಅಂದರೆ ಅರ್ಧ ಸಿಮೆಂಟ್ ಚೀಲ. ಒಬ್ಬರು ಎತ್ತಬಹುದು. ಗಾಡಿಯಲ್ಲಿ ಎರಡು ಇಡಿ. ಬೇಕಾದಾಗ ಒಂದನ್ನು ಸುಲಿಯುವ ಮನೆಗೆ ಹೊತ್ತುಕೊಂಡು ಹೋಗಿ.

48 ವೋಲ್ಟಿನ ಕಷ್ಟವನ್ನೂ ಹೇಳಿಬಿಡುತ್ತೇನೆ. 10 ಕಿಲೋವ್ಯಾಟ್ ಬೇಕು ಅಂದರೆ 200 ಆಂಪಿಯರ್ ದಾಟುತ್ತದೆ. ಹೆಬ್ಬೆರಳು ದಪ್ಪದ ಕೇಬಲ್, ಚಿಕ್ಕದಾದಷ್ಟೂ ಒಳ್ಳೆಯದು. ಬೋಲ್ಟ್ ಸ್ವಲ್ಪ ಸಡಿಲ ಆದರೂ ಅಲ್ಲಿ ಕೆಂಡ. ಶಾಕ್ ಹೊಡೆಯಲ್ಲ ಅಂದ ಮಾತ್ರಕ್ಕೆ ಬೆಂಕಿ ಹತ್ತಲ್ಲ ಅಂತ ಅಲ್ಲ, ಸ್ಪ್ಯಾನರ್ ಅಡ್ಡ ಬಿದ್ದರೆ ವೆಲ್ಡಿಂಗ್ ಆಗುತ್ತದೆ.

ಸ್ಪ್ಯಾನರ್ 14

ನನ್ನ ಹೆಸರು ಯಾಕೆ ಎಳೀತೀರಾ 😄 ಆದ್ರೆ 48 ಅಂದ್ರೆ ನಾನು ಬಾನೆಟ್ ಎತ್ತುತ್ತೀನಿ. ಅಷ್ಟು ಮಾತ್ರ ಹೇಳಬಲ್ಲೆ.

ಸೀತಾನದಿ

10 ಕಿಲೋವ್ಯಾಟ್ ಸಾಕಾ? ಭಾವನ ಕಾರಿನ ಮೋಟರ್ ಅದಕ್ಕಿಂತ ಎಷ್ಟೋ ದೊಡ್ಡದು.

ನಿವೃತ್ತ ಮೇಷ್ಟ್ರು

ಬನ್ನಿ, ಅದನ್ನೂ ನೋಡಿಬಿಡೋಣ. ಒಂದೂವರೆ ಯೂನಿಟ್ಟನ್ನು 20 ನಿಮಿಷದಲ್ಲಿ ಹಿಡಿಯಬೇಕು. ಸರಾಸರಿ ನಾಲ್ಕೂವರೆ ಕಿಲೋವ್ಯಾಟ್, ಅಷ್ಟೇ. ತಿರುವಿನ ಮುಂಚೆ 40ರಿಂದ 15ಕ್ಕೆ ಇಳಿಸುವಾಗ ನಾಲ್ಕು ಸೆಕೆಂಡು ಮಾತ್ರ 20, 25ರ ಹತ್ತಿರ ಹಾರುತ್ತದೆ. ಆ ನಾಲ್ಕು ಸೆಕೆಂಡಿಗೋಸ್ಕರ ದೊಡ್ಡ ಮೋಟರ್ ಯಾಕೆ? ಅದನ್ನು ಮಾಮೂಲಿ ಬ್ರೇಕಿಗೆ ಬಿಡಿ. ಊಟಕ್ಕೆ ದಿನಾ ಹತ್ತು ಜನ, ಮದುವೆಗೆ ಒಂದು ಸಲ ಐನೂರು ಜನ. ಮನೆ ಪಾತ್ರೆ ಹತ್ತು ಜನಕ್ಕೆ ಕೊಳ್ಳುತ್ತೇವೆ, ಮದುವೆಗೆ ಬಾಡಿಗೆ ತರುತ್ತೇವೆ.

ಹತ್ತುವಾಗ? ನೂರಕ್ಕೆ 8ರ ಏರಿನಲ್ಲಿ 30ರ ವೇಗಕ್ಕೆ ಹನ್ನೊಂದೂವರೆ ಕಿಲೋವ್ಯಾಟ್ ಬೇಕು. ಇಂಜಿನ್ ಇದ್ದೇ ಇದೆ, ಮೋಟರ್ ಬೆನ್ನಿಗೆ ಕೈ ಕೊಟ್ಟರೆ ಸಾಕು.

ಸ್ಪ್ಯಾನರ್ 14

ಮೋಟರ್ ಎಲ್ಲಿ ಕೂರಿಸೋದು ಅಂತ ಯಾರೂ ಕೇಳ್ತಿಲ್ಲ, ನಾನೇ ಹೇಳ್ತೀನಿ. ಈ ವ್ಯಾನಲ್ಲಿ ಗೇರ್‌ಬಾಕ್ಸ್‌ನಿಂದ ಹಿಂದಿನ ಆಕ್ಸಲ್‌ಗೆ ಪ್ರೊಪೆಲ್ಲರ್ ಶಾಫ್ಟ್ ಹೋಗುತ್ತಲ್ಲ, ಅದರ ಪಕ್ಕ ಚಾಸಿಗೆ ಬ್ರಾಕೆಟ್ ಹೊಡೆದು ಬೆಲ್ಟಲ್ಲಿ ಜೋಡಿಸಿ. ನೀರಿನಿಂದ ಎತ್ತರ, ಸ್ಪ್ರಿಂಗಿನ ಮೇಲೆ. ಹಿಂದಿನ ಆಕ್ಸಲ್‌ನ ಕ್ರೌನ್ ಗೇರ್ ಇದ್ದೇ ಇದೆಯಲ್ಲ, ಸುಮಾರು 5 ಪಟ್ಟು ಬಲ ಪುಕ್ಕಟೆ ಸಿಗುತ್ತೆ. ಕ್ಲಚ್ ಒತ್ತಿದ್ದರೂ ಮೋಟರ್ ಚಕ್ರದ ಜೊತೆಗೇ ತಿರುಗ್ತಾ ಇರುತ್ತೆ. ಪಿಕಪ್ಪಿಗೂ ಇದೇ ಶಾಫ್ಟು, ಇದೇ ಬ್ರಾಕೆಟ್ಟು, ಅಳತೆ ಮಾತ್ರ ಬೇರೆ.

ಮಂಡಗದ್ದೆ ಹಕ್ಕಿ

ಅಣ್ಣ, ಪುಸ್ತಕದಲ್ಲಿ ಇದಕ್ಕೆ ಪಿ3 ಅಂತ ಹೆಸರಿದೆ. ನೀವು ಓದದೆಯೇ ಅಲ್ಲಿಗೆ ಬಂದಿರಿ, ನಾವು ಓದಿಯೂ ಹಬ್ ಮೋಟರ್ ಹಿಡಿದುಕೊಂಡಿದ್ದೆವು.

ನಿನ್ನೆ ಲೆಕ್ಕ ಹಾಕಿದೆವು. ಬೆಲ್ಟ್ 2ಕ್ಕೆ 1 ಇಟ್ಟರೆ 30ರ ವೇಗದಲ್ಲಿ ಮೋಟರ್ 2900 ಸುತ್ತು. ತುಂಬಾ ಹಿತ. 80ರಲ್ಲಿ ಅದೇ ಮೋಟರ್ 7800 ಸುತ್ತು, ಅದು ಹಿತ ಅಲ್ಲ. ಒಂದೋ ಬೆಲ್ಟಿನ ಪಟ್ಟು ಇಳಿಸಬೇಕು, ಇಲ್ಲ ಮೋಟರ್ ಬಿಡಿಸುವ ಕ್ಲಚ್ ಬೇಕು. ಮಕ್ಕಳು ಕ್ಲಚ್ ಅಂತಾರೆ, ನಾನು ಪಟ್ಟು ಇಳಿಸೋಣ ಅಂತೀನಿ. ಕೆಸರಲ್ಲಿ ಒಂದು ಭಾಗ ಕಮ್ಮಿ ಇದ್ದಷ್ಟೂ ಒಳ್ಳೆಯದು.

ಪಿ3ಯ ಒಂದು ದೋಷ ತೋಟದಮನೆಯವರಿಗೆ ಹೇಳಲೇಬೇಕು. ಗಾಡಿ ನಿಂತಿದ್ದಾಗ ಇಂಜಿನ್ ಓಡಿಸಿ ಈ ಮೋಟರಿನಿಂದ ಬ್ಯಾಟರಿ ತುಂಬಿಸಲು ಆಗಲ್ಲ. ಚಕ್ರ ತಿರುಗಿದರೆ ಮಾತ್ರ ಮೋಟರ್ ತಿರುಗುವುದು.

ಸ್ಪ್ಯಾನರ್ 14

ಹಿಂದಿನ ಕಾಲದಲ್ಲಿ ಜೀಪಿನ ಹಿಂದಿನ ಚಕ್ರ ಜಾಕ್ ಮೇಲೆ ಎತ್ತಿ ಬೆಲ್ಟ್ ಹಾಕಿ ಮಷಿನ್ ಓಡಿಸ್ತಿದ್ರು. ಈಗ ಅದು ಬೇಡ, ಯಾರಾದ್ರೂ ಸಾಯ್ತಾರೆ. ಇಂಜಿನ್ ಬೆಲ್ಟಿಗೆ 48 ವೋಲ್ಟಿನ ದೊಡ್ಡ ಆಲ್ಟರ್ನೇಟರ್ ಒಂದು ಹಾಕಿ. ಎರಡು ಕಿಲೋವ್ಯಾಟ್ ಕೊಟ್ಟರೂ ಮಷಿನ್ ನಿಲ್ಲದೆ ಓಡುತ್ತೆ.

ಸಿಲಿಕಾನ್ ಸಾಗರ

ಮಾಡ್ಯೂಲ್ ಬಿಚ್ಚಿ ಹಾಕುವುದರಲ್ಲಿ ಒಂದು ಹೊಂಡ ಇದೆ, ಬೀಳಬೇಡಿ. ಒಂದು ಮಾಡ್ಯೂಲ್ ಅಡಿಕೆ ಸುಲಿದು ಖಾಲಿ, ಇನ್ನೊಂದು ಗಾಡಿಯಲ್ಲೇ ಇದ್ದು ತುಂಬಿದೆ. ಎರಡನ್ನೂ ನೇರ ಪಕ್ಕಪಕ್ಕ ಜೋಡಿಸಿದರೆ? ಮಧ್ಯೆ ಮೂರ್ನಾಲ್ಕು ವೋಲ್ಟ್ ವ್ಯತ್ಯಾಸ, ದಾರಿಯ ರೆಸಿಸ್ಟೆನ್ಸ್ ಬರೀ 30 ಮಿಲಿ ಓಮ್. ನೂರು ಆಂಪಿಯರ್ ನುಗ್ಗುತ್ತದೆ. ಮೇಲಿನ ಕೆರೆಯ ತೂಬು ಒಮ್ಮೆಲೇ ಕಿತ್ತ ಹಾಗೆ. ಹಾಗಾಗಿ ಪ್ರತಿ ಮಾಡ್ಯೂಲಿಗೂ ಅದರದೇ ಬಿಎಂಎಸ್ (ಸೆಲ್‌ಗಳನ್ನು ಕಾಯುವ ಸರ್ಕ್ಯೂಟ್), ಅದರದೇ ಕಾಂಟ್ಯಾಕ್ಟರ್ (ಸರ್ಕ್ಯೂಟ್ ಹೇಳಿದಾಗ ಸೇರಿಸಿ ಬಿಡಿಸುವ ದೊಡ್ಡ ಸ್ವಿಚ್). ವೋಲ್ಟೇಜ್ ಸಮ ಆಗುವ ತನಕ ಎರಡನೆಯದು ಜೊತೆ ಸೇರಬಾರದು.

ಇನ್ನೊಂದು. ಒಂದೇ ಮಾಡ್ಯೂಲ್ ಇಟ್ಟುಕೊಂಡು ಘಾಟಿ ಇಳಿದರೆ ಅದು 10 ಕಿಲೋವ್ಯಾಟ್ ನುಂಗಲ್ಲ, 5ಕ್ಕೆ ನಿಲ್ಲಿಸಬೇಕು. ಎಷ್ಟು ಮಾಡ್ಯೂಲ್ ಇದೆ ಅಂತ ಕಂಟ್ರೋಲರ್ ತಾನೇ ಎಣಿಸಿ ರೀಜೆನ್, ಅಂದರೆ ಮೋಟರ್ ಬ್ರೇಕ್ ಹಿಡಿದು ಕರೆಂಟು ಮಾಡುವುದನ್ನು, ಇಳಿಸಲಿ. ಡ್ರೈವರಿಗೆ ಮುಂದೆ ಒಂದು ದೀಪ ಬೇಕು: ಇವತ್ತು ಮೋಟರ್ ಬ್ರೇಕ್ ಅರ್ಧ ಮಾತ್ರ, ಗೇರಲ್ಲಿ ಇಳಿ.

ಕರಿ ಇಂಜಿನ್

ಒದ್ದೆ ರಸ್ತೆ ಮರೀಬೇಡಿ. ರೈಲಲ್ಲಿ ಗಾಲಿ ಜಾರಿದರೆ ಹಳಿ ಹಿಡಿದುಕೊಂಡಿರುತ್ತೆ. ನಿಮ್ಮ ವ್ಯಾನಿನ ಹಿಂದಿನ ಚಕ್ರ ತಿರುವಲ್ಲಿ ಜಾರಿದರೆ ಬಾಲ ಹೊರಗೆ ಬರುತ್ತೆ.

ಮಂಡಗದ್ದೆ ಹಕ್ಕಿ

ಇದೇ ನನ್ನ ನಿದ್ದೆ ಕೆಡಿಸಿರುವುದು ಸರ್. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟಿ ಮಳೆ. ರಸ್ತೆ ಮೇಲೆ ಕೊಳೆತ ಎಲೆ, ಪಾಚಿ.

10 ಕಿಲೋವ್ಯಾಟ್ ಅಂತ ಮಿತಿ ಹಾಕಿದರೆ ಸಾಕು ಅಂದುಕೊಂಡಿದ್ದೆ. ಆದರೆ 30ರ ವೇಗದಲ್ಲಿ 10 ಕಿಲೋವ್ಯಾಟ್ ಅಂದರೆ ಹಿಂದಿನ ಚಕ್ರದ ಮೇಲೆ 1200 ನ್ಯೂಟನ್ ಎಳೆತ. ಅದೇ 10 ಕಿಲೋವ್ಯಾಟನ್ನು ತಿರುವಿನಲ್ಲಿ 15ರ ವೇಗದಲ್ಲಿ ತೆಗೆದರೆ 2400. ಪಾಚಿ ಮೇಲೆ ಅಷ್ಟು ಹಿಡಿತ ಇರಲ್ಲ. ಅಂದರೆ ವೇಗ ಕಮ್ಮಿ ಆದ ಹಾಗೆ ಅಪಾಯ ಜಾಸ್ತಿ ಆಗುತ್ತಿದೆ, ಅದೂ ನಾವೇ ಮಾಡಿಕೊಂಡಿದ್ದು. ಹಾಗಾಗಿ ಮಿತಿ ಕಿಲೋವ್ಯಾಟಲ್ಲಿ ಅಲ್ಲ, ಎಳೆತದ ಮೇಲೆ ಇರಬೇಕು. ವೈಪರ್ ಆನ್ ಇದ್ದರೆ ಅದರಲ್ಲೂ ಅರ್ಧ. ಹಿಂದಿನ ಚಕ್ರ ಮುಂದಿನದಕ್ಕಿಂತ ನಿಧಾನ ಆಯಿತೋ, ಆ ಕ್ಷಣವೇ ರೀಜೆನ್ ಸೊನ್ನೆ. ಬ್ಯಾಟರಿ ತುಂಬದಿದ್ದರೂ ಪರವಾಗಿಲ್ಲ.

ಇಳಿತಕ್ಕೆ ಮುಂಚೆ ಜಾಗ ಮಾಡಿಕೊಳ್ಳುವ ವಿಷಯಕ್ಕೆ ಬರುತ್ತೇನೆ. ಘಾಟಿ ಬರುತ್ತಿದೆ ಅಂತ ಕಂಟ್ರೋಲರಿಗೆ ಹೇಗೆ ಗೊತ್ತಾಗಬೇಕು? ಜಿಪಿಎಸ್‌ಗೆ ಮೊಬೈಲ್ ನೆಟ್‌ವರ್ಕ್ ಬೇಡ, ಘಾಟಿಯ ತಲೆಯ ಗುರುತನ್ನು ಅದರಲ್ಲೇ ಬರೆದಿಡಬಹುದು. ಕಾಡಿನ ಕೆಳಗೆ ಸಿಗ್ನಲ್ ತಡವರಿಸಿದರೆ ಗಾಳಿಯ ಒತ್ತಡ ಅಳೆಯುವ ಚಿಕ್ಕ ಸೆನ್ಸರ್ ಜೊತೆಗಿರಲಿ. ಸುಮಾರು 9 ಮೀಟರ್ ಇಳಿದರೆ ಒತ್ತಡ 1 ಮಿಲಿಬಾರ್ ಏರುತ್ತದೆ. ತೀರ್ಥಹಳ್ಳಿ ದಾಟಿದ ಮೇಲೆ ಬ್ಯಾಟರಿಯನ್ನೇ ಜಾಸ್ತಿ ಬಳಸುತ್ತಾ ಹೋಗಿ, ಆಗುಂಬೆಯಲ್ಲಿ ಚಾರ್ಜ್ ನೂರಕ್ಕೆ 75ರ ಕೆಳಗೆ ನಿಲ್ಲಿಸಬೇಕು.

ಸೀತಾನದಿ

ಆಗುಂಬೆಯಲ್ಲೇ ಮನೆ ಇದ್ದವರು? ರಾತ್ರಿ ಪೂರ್ತಿ ಚಾರ್ಜ್, ಬೆಳಿಗ್ಗೆ ಮೊದಲ ಕೆಲಸವೇ ಇಳಿಯುವುದು.

ಮಂಡಗದ್ದೆ ಹಕ್ಕಿ

ಅಯ್ಯೋ. ಚಾರ್ಜರಿಗೂ ಊರು ಗೊತ್ತಿರಬೇಕು ಹಾಗಾದರೆ. ಬರೆದುಕೊಂಡೆ.

ಚಾರ್ಜ್ ಮಾಡ್ರಿ

ಸೋತವನು ಒಂದು ಮಾತು ಹೇಳಬಹುದಾ? ಇದನ್ನೆಲ್ಲ ಗಾಡಿಗೆ ಹಾಕಿ ರಸ್ತೆಗೆ ಇಳಿಸುವ ಹಾಗಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ನೋಡಿ, ಗಾಡಿಯ ಮೂಲ ರೂಪ ಸುಮ್ನೆ ಬದಲಾಯಿಸುವಂತಿಲ್ಲ. ಹೈಬ್ರಿಡ್ ಕಿಟ್ ಹಾಕುವುದಕ್ಕೆ 2016ರಲ್ಲೇ ನಿಯಮ ಬಂದಿದೆ, ಅದಕ್ಕೆ ಎಐಎಸ್ 123 ಅಂತ ಮಾನದಂಡ. ಕಿಟ್ಟನ್ನು ಪುಣೆಯ ಎಆರ್‌ಎಐ ಥರದ ಸಂಸ್ಥೆ ಪರೀಕ್ಷೆ ಮಾಡಿ ಒಪ್ಪಬೇಕು, ಆಮೇಲೆ ಆರ್‌ಟಿಒ ಆರ್‌ಸಿಯಲ್ಲಿ ಬರೆಯಬೇಕು. ಇನ್ಶೂರೆನ್ಸ್ ಕೂಡ.

ಮಂಡಗದ್ದೆ ಹಕ್ಕಿ

ಗೊತ್ತಿದೆ, ಆದರೂ ನೆನಪಿಸಿದ್ದು ಒಳ್ಳೆಯದಾಯಿತು. ನಮ್ಮ ವ್ಯಾನು ಕಾಲೇಜಿನ ಕಾಂಪೌಂಡ್ ದಾಟಲ್ಲ. ಘಾಟಿಯ ಅಳತೆ ಬೇಕಾದರೆ ಬೇರೆ ದಾರಿ ಹುಡುಕಬೇಕು.

ಮಂಡಗದ್ದೆ ಹಕ್ಕಿ (ಹತ್ತು ದಿನದ ನಂತರ)

ಬೇರೆ ದಾರಿ ಸಿಕ್ಕಿತು, ಮಿನಿ ಬಸ್ಸು. ಒತ್ತಡದ ಸೆನ್ಸರ್, ಜಿಪಿಎಸ್, ವೇಗೋತ್ಕರ್ಷ ಅಳೆಯುವ ಚಿಪ್, ಎಲ್ಲ ಒಂದು ಊಟದ ಡಬ್ಬಿಗೆ ಹಾಕಿ ಇಬ್ಬರು ಮಕ್ಕಳನ್ನು ಆಗುಂಬೆಯಲ್ಲಿ ಬಸ್ ಹತ್ತಿಸಿದೆ. ಕಂಡಕ್ಟರ್ "ಎಂತ ಮಾರಾಯ ಅದು ಕುಂಯ್ ಕುಂಯ್ ಅಂತಿರೋದು" ಅಂತ ಕೇಳಿದರಂತೆ. ಡಬ್ಬಿ ಮುಚ್ಚಳ ತೆಗೆದು ತೋರಿಸಬೇಕಾಯಿತು.

ಇಳಿದಾಗ ಒತ್ತಡ 55 ಮಿಲಿಬಾರಿನ ಆಸುಪಾಸು ಏರಿದೆ. ಮೇಷ್ಟ್ರ 500 ಮೀಟರಿಗೆ ಚೆನ್ನಾಗಿ ಹೊಂದುತ್ತದೆ. ಬಸ್ಸು ಇಳಿದದ್ದು ನಾವು ಅಂದುಕೊಂಡ 20 ನಿಮಿಷಕ್ಕಿಂತ ನಿಧಾನವಾಗಿ. ಎರಡು ಕಡೆ ಎದುರಿನ ಗಾಡಿಗೆ ದಾರಿ ಬಿಡಲು ಪೂರ್ತಿ ನಿಂತಿದೆ. ಇಂಥ ನಿಲುಗಡೆ ನಮ್ಮ ಲೆಕ್ಕದಲ್ಲಿ ಇರಲೇ ಇಲ್ಲ. ಇಳಿಜಾರಲ್ಲಿ ನಿಂತ ಗಾಡಿಗೆ ರೀಜೆನ್ ಹಿಡಿತ ಸೊನ್ನೆ, ಕಾಲು ಬ್ರೇಕ್ ಮೇಲೇ ಇರಬೇಕು. ಅಂಥ ಕಡೆ ಏನಾಗುತ್ತದೆ ಅಂತ ಈ ವಾರ ಕಂಪ್ಯೂಟರಲ್ಲಿ ಓಡಿಸಿ ನೋಡುತ್ತೇವೆ.

ತೋಟದಮನೆ

ಎಲ್ಲ ಸರಿ ಮೇಷ್ಟ್ರೇ. ನನ್ನ ಮಷಿನ್ನು?

ಮಂಡಗದ್ದೆ ಹಕ್ಕಿ

ಮೊದಲ ಮಾಡ್ಯೂಲ್ ಜೋಡಿಸಿ ಆಗಿದೆ ಅಮ್ಮ. ಗಾಡಿಗೆ ಹಾಕುವುದಕ್ಕೆ ಇನ್ನೂ ತಡ ಇದೆ, ಸುಮ್ನೆ ಲ್ಯಾಬಲ್ಲಿ ಕೂತಿದೆ. ಕೊಯ್ಲು ಶುರುವಾದ ಮೇಲೆ ಒಂದು ಭಾನುವಾರ ನಿಮ್ಮಲ್ಲಿಗೆ ತರುತ್ತೇವೆ, ಇನ್ವರ್ಟರ್ ಸಮೇತ. ಮನೆ ವೈರಿಂಗ್ ಮುಟ್ಟಲ್ಲ, ಮಷಿನ್ನಿಗೆ ನೇರ ವೈರು. ಅಷ್ಟರೊಳಗೆ ತ್ರೀ ಫೇಸ್ ಮೋಟರ್ ಹಾಕಿಸಿರುತ್ತೀರಾ?

ತೋಟದಮನೆ

ಹಾಕಿಸ್ತೇನೆ. ನಾಲ್ಕೂ ಮಕ್ಕಳನ್ನು ಕರ್ಕೊಂಡು ಬನ್ನಿ, ಮಧ್ಯಾಹ್ನ ಊಟ ಇಲ್ಲೇ. ಪೆಟ್ಟಿಗೆಯನ್ನು ಅಂಗಳದಲ್ಲಿ ಇಡಬೇಡಿ, ಇಲಿ ಇದೆ.